ದೆಹಲಿಯಲ್ಲಿ ಕೇಳುವ ನ್ಯಾಯ ಕೊಡಗಿಗೂ ಸಿಗಲಿ: ವಿಧಾನಸಭಾಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಗೆ,
ಸನ್ಮಾನ್ಯ ಸಭಾಧ್ಯಕ್ಷರು,
ಕರ್ನಾಟಕ ವಿಧಾನಸಭೆ,
ವಿಧಾನಸೌಧ, ಬೆಂಗಳೂರು.

ವಿಷಯ: ಮುಂಬರುವ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಕೊಡಗು ಜಿಲ್ಲೆಯ ಪ್ರಾತಿನಿಧ್ಯವನ್ನು ಉಳಿಸಿಕೊಡುವ ಬಗ್ಗೆ.

ಮಾನ್ಯರೇ,

ನಾನು ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆಯ ಒಬ್ಬ ಸಣ್ಣ ಕಾಫಿ ಬೆಳೆಗಾರ. ನಮ್ಮ ತಾಲ್ಲೂಕಿನ ಹೆಸರಿನಲ್ಲಿ ಒಂದು ವಿಧಾನಸಭಾ ಕ್ಷೇತ್ರವಿತ್ತು. 2008ರ ಚುನಾವಣೆಯಿಂದ ಅದು ಇಲ್ಲ. ಕ್ಷೇತ್ರಗಳ ಗಡಿ ಗೆರೆ ಎಳೆಯುವುದು ವಿಧಾನಸಭೆಯ ಕೆಲಸವಲ್ಲ, ಅದಕ್ಕೆಂದೇ ಕೇಂದ್ರದ ಆಯೋಗವಿರುತ್ತದೆ ಎಂಬುದು ನನಗೆ ತಿಳಿಯದ್ದೇನಲ್ಲ. ಆದರೂ ತಮಗೇ ಬರೆಯಲು ಕಾರಣವಿದೆ. 2002ರ ಪುನರ್ವಿಂಗಡಣಾ ಕಾಯ್ದೆಯ ಪ್ರಕಾರ ಆಯೋಗಕ್ಕೆ ಪ್ರತಿ ರಾಜ್ಯದಿಂದ ಹತ್ತು ಮಂದಿ ಸಹಸದಸ್ಯರಿರುತ್ತಾರೆ. ಐವರು ಲೋಕಸಭಾ ಸದಸ್ಯರು, ಐವರು ಶಾಸಕರು; ಆ ಐವರು ಶಾಸಕರನ್ನು ಹೆಸರಿಸುವವರು ವಿಧಾನಸಭೆಯ ಅಧ್ಯಕ್ಷರು. ಮುಂದಿನ ಆಯೋಗಕ್ಕೂ ಇದೇ ಕ್ರಮ ಮುಂದುವರಿದರೆ, ಗಡಿ ಗೆರೆ ಎಳೆಯುವ ಕೋಣೆಯಲ್ಲಿ ಕರ್ನಾಟಕದ ಪರವಾಗಿ ಯಾರು ಕುಳಿತಿರಬೇಕು ಎಂಬುದರಲ್ಲಿ ಅರ್ಧದಷ್ಟನ್ನು ತೀರ್ಮಾನಿಸುವವರು ತಾವು.

ಇನ್ನೊಂದು ಕಾರಣವೂ ಇದೆ. 2024ರ ಜುಲೈನಲ್ಲಿ ತಮ್ಮ ಸದನವು ಕ್ಷೇತ್ರ ಪುನರ್ವಿಂಗಡಣೆಯ ಬಗ್ಗೆ ಒಂದು ನಿರ್ಣಯವನ್ನು ಅಂಗೀಕರಿಸಿ, ಹೊಸ ಜನಗಣತಿಯ ಆಧಾರದ ಮೇಲೆ ಲೋಕಸಭಾ ಸ್ಥಾನಗಳನ್ನು ರಾಜ್ಯಗಳಿಗೆ ಹಂಚಬಾರದು, 1971ರ ಜನಸಂಖ್ಯೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು ಎಂದು ಕೇಂದ್ರವನ್ನು ಒತ್ತಾಯಿಸಿತು. 2025ರ ಮಾರ್ಚ್‌ನಲ್ಲಿ ಚೆನ್ನೈಯಲ್ಲಿ ನಡೆದ ರಾಜ್ಯಗಳ ಸಭೆಗೆ ನಮ್ಮ ಉಪಮುಖ್ಯಮಂತ್ರಿಗಳೂ ಹೋಗಿದ್ದರು. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟುಕೊಂಡ ರಾಜ್ಯಕ್ಕೆ ಅದೇ ಕಾರಣಕ್ಕೆ ಸ್ಥಾನ ಕಡಿಮೆಯಾದರೆ ಅದು ಶಿಕ್ಷೆಯಾಗುತ್ತದೆ, ತಲೆ ಎಣಿಕೆಯೊಂದೇ ಪ್ರಾತಿನಿಧ್ಯದ ಅಳತೆಗೋಲಾಗಬಾರದು ಎಂಬುದು ಅಲ್ಲಿಯೂ ಇಲ್ಲಿಯೂ ಮಂಡನೆಯಾದ ವಾದ. ಆ ವಾದವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ದೆಹಲಿಯ ಎದುರು ಕರ್ನಾಟಕ ಇಂದು ಯಾವ ಜಾಗದಲ್ಲಿ ನಿಂತಿದೆಯೋ, ಬೆಂಗಳೂರಿನ ಎದುರು ಕೊಡಗು 2008ರಿಂದಲೂ ಅದೇ ಜಾಗದಲ್ಲಿ ನಿಂತಿದೆ ಎಂಬುದನ್ನು ಮಾತ್ರ ನಮ್ಮ ರಾಜ್ಯದ ನಾಯಕರು ಹೇಳಿದ್ದನ್ನು ನಾನು ಕೇಳಿಲ್ಲ.

ಅಂಕಿಗಳನ್ನೇ ನೋಡೋಣ. 2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561. ಹತ್ತು ವರ್ಷ ಕಳೆದು 2011ರಲ್ಲಿ ಅದು 5,54,519 ಆಯಿತು. ಅಂದರೆ ಇಡೀ ದಶಕದ ಬೆಳವಣಿಗೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚು. ಅದೇ ಅವಧಿಯಲ್ಲಿ ರಾಜ್ಯ ಬೆಳೆದದ್ದು ಶೇ. 15.6ರಷ್ಟು, ಬೆಂಗಳೂರು ನಗರ ಜಿಲ್ಲೆ ಬೆಳೆದದ್ದು ಶೇ. 47ರಷ್ಟು. ನಮ್ಮಲ್ಲಿ ಮಕ್ಕಳು ಕಡಿಮೆ ಎಂಬುದೊಂದೇ ಇದಕ್ಕೆ ಕಾರಣವಲ್ಲ. ಓದಿದ ಹುಡುಗ ಹುಡುಗಿಯರು ಕೆಲಸ ಹುಡುಕಿಕೊಂಡು ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ, ಜನಗಣತಿಯವರ ಪುಸ್ತಕದಲ್ಲಿ ಅಲ್ಲಿಯವರೇ ಆಗುತ್ತಾರೆ. ಹಬ್ಬಕ್ಕೆ, ಮದುವೆಗೆ, ಕಾಫಿ ಕುಯ್ಲಿಗೆ ಊರಿಗೆ ಬರುವ ಈ ಮಕ್ಕಳ ಮನೆ, ತೋಟ, ಹಿರಿಯರು ಎಲ್ಲವೂ ಇಲ್ಲಿಯೇ ಇವೆ; ಲೆಕ್ಕಕ್ಕೆ ಮಾತ್ರ ಅವರು ಬೇರೆ ಕ್ಷೇತ್ರದವರು.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯನ್ನು ಹಿಡಿದು ಲೆಕ್ಕ ಹಾಕಿದಾಗ, 224 ಸ್ಥಾನಗಳ ಸದನದಲ್ಲಿ ಒಂದು ಕ್ಷೇತ್ರಕ್ಕೆ ಬರುವ ಸರಾಸರಿ ಜನಸಂಖ್ಯೆ ಸುಮಾರು 2 ಲಕ್ಷ 36 ಸಾವಿರ. ಅದರಿಂದ ಭಾಗಿಸಿದರೆ ಬೆಂಗಳೂರು ನಗರ ಜಿಲ್ಲೆಗೆ 27.7 ಬರುತ್ತದೆ, ಕೊಟ್ಟದ್ದು 28. ಅಲ್ಲಿ ಹಿಂದೆ ಇದ್ದದ್ದು 16. ಕೊಡಗಿಗೆ ಬರುವುದು 2.32, ಕೊಟ್ಟದ್ದು 2. ಅಲ್ಲಿಯವರೆಗೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರು ಕ್ಷೇತ್ರಗಳಿದ್ದ ಜಿಲ್ಲೆಯಲ್ಲಿ ಎರಡು ಉಳಿದವು. ದಶಮಾಂಶದ ಆಚೆ ಬಿಟ್ಟುಹೋದ ಆ 0.32 ಎಂದರೆ ಸುಮಾರು 77 ಸಾವಿರ ಜನ. ಅದರಿಂದಾದ ಪರಿಣಾಮವನ್ನು ತಾವು ಗಮನಿಸಬೇಕು: ಘಟ್ಟದ ಮೇಲಿನ, ಮಳೆಯ, ಕಾಡಿನ ಜಿಲ್ಲೆಯ ಒಬ್ಬ ಶಾಸಕನಿಗೆ ರಾಜ್ಯದ ಸರಾಸರಿಗಿಂತ ಶೇಕಡಾ 16ರಷ್ಟು ಹೆಚ್ಚು ಜನರ ಹೊಣೆ ಬಿತ್ತು. ದುರ್ಗಮ ಪ್ರದೇಶವೆಂದು ರಿಯಾಯಿತಿ ಸಿಗುವುದು ಹಾಗಿರಲಿ, ಬಯಲುಸೀಮೆಯ ಸರಾಸರಿಯೂ ನಮಗೆ ಸಿಗಲಿಲ್ಲ.

ಬೆಂಗಳೂರಿಗೆ ಸ್ಥಾನ ಹೆಚ್ಚಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಹಳೆಯ ಉತ್ತರಹಳ್ಳಿ ಕ್ಷೇತ್ರದಂತೆ ಎಲ್ಲೆ ಮೀರಿ ಬೆಳೆದ ಕ್ಷೇತ್ರಗಳನ್ನು ಒಡೆಯಲೇಬೇಕಿತ್ತು. ಆದರೆ ಸುಮಾರು 2,200 ಚದರ ಕಿಲೋಮೀಟರಿನಲ್ಲಿ 28 ಶಾಸಕರಿರುವ ಜಿಲ್ಲೆಯನ್ನೂ, 4,102 ಚದರ ಕಿಲೋಮೀಟರಿನಲ್ಲಿ ಇಬ್ಬರೇ ಇರುವ ಜಿಲ್ಲೆಯನ್ನೂ ಒಂದೇ ಭಾಗಾಕಾರದಿಂದ ಅಳೆದದ್ದು ಸರಿಯೇ ಎಂಬುದು ನನ್ನ ಪ್ರಶ್ನೆ.

ಕ್ಷೇತ್ರವೊಂದು ಹೋದರೆ ಊರಿನವರಿಗೆ ಏನು ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡವನಾಗಿ ಹೇಳುತ್ತೇನೆ. ಇಂದಿನ ಮಡಿಕೇರಿ ಕ್ಷೇತ್ರವು ಸಂಪಾಜೆ ಘಾಟಿಯಿಂದ ಹಾಸನ ಜಿಲ್ಲೆಯ ಅಂಚಿನ ಕೊಡ್ಲಿಪೇಟೆಯವರೆಗೆ ಚಾಚಿಕೊಂಡಿದೆ. ಹೊಸದಾಗಿ ಆದ ಕುಶಾಲನಗರ ತಾಲ್ಲೂಕೂ ಸೇರಿದಂತೆ ಮೂರು ತಾಲ್ಲೂಕುಗಳ ಪ್ರಗತಿ ಪರಿಶೀಲನೆಯನ್ನು ಒಬ್ಬರೇ ಶಾಸಕರು ನಡೆಸಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ ನಡೆಯುತ್ತಿದ್ದಾಗ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಕಂದಾಯ, ಕುಡಿಯುವ ನೀರು, ವಿದ್ಯುತ್ ಎಂದು ಮೂರು ಇಲಾಖೆಗಳ ವರದಿ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಪರಾಹ್ನ ಶಾಸಕರು ಮಡಿಕೇರಿಯಲ್ಲಿ ಇನ್ನೊಂದು ಸಭೆಗೆ ಇರಲೇಬೇಕಿತ್ತು. ಮಳೆಗೆ ಸೋರುತ್ತಿದ್ದ ನಮ್ಮ ಶಾಲೆಯ ಮಾಡಿನ ವಿಷಯ ಶಿಕ್ಷಣ ಇಲಾಖೆಯ ಕಡತದಲ್ಲಿತ್ತು, ಆ ಕಡತ ಅಧಿಕಾರಿಯ ತೊಡೆಯ ಮೇಲೆಯೇ ಇತ್ತು, ಅದನ್ನು ಬಿಚ್ಚುವ ಸರದಿ ಬರಲಿಲ್ಲ. ಮುಂದಿನ ಸಭೆ ಮಳೆಗಾಲ ಕಳೆದ ಮೇಲೆ. ಇದರಲ್ಲಿ ಶಾಸಕರ ತಪ್ಪು ನನಗೆ ಕಾಣುವುದಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಅಷ್ಟೇ ಆಗುತ್ತಿತ್ತು.

ಅರ್ಜಿಗಳ ಪಾಡೂ ಹೀಗೆಯೇ. ಪೈಸಾರಿ, ಅಂದರೆ ಸರ್ಕಾರಿ ಜಾಗದಲ್ಲಿ ತಲೆಮಾರಿನಿಂದ ಕಾಫಿ, ಏಲಕ್ಕಿ ಮಾಡಿಕೊಂಡು ಬಂದ ಸಣ್ಣ ಹಿಡುವಳಿದಾರರು ನಮೂನೆ 57ರಲ್ಲಿ ಹಾಕಿಕೊಂಡ ಅರ್ಜಿ, ಇಂಥ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್‌ಹುಕುಂ ಸಮಿತಿಯ ಮುಂದೆ ಬರಬೇಕು. ಸಮಿತಿಗೆ ಶಾಸಕರೇ ಅಧ್ಯಕ್ಷರು, ಅವರಿಲ್ಲದೆ ಸಭೆಯಿಲ್ಲ. ಸಾಗುವಳಿಗೆ ಯೋಗ್ಯವಲ್ಲವೆಂದು ಗುರುತಿಸಿದ ಸಿ ಮತ್ತು ಡಿ ವರ್ಗದ ಸರ್ಕಾರಿ ಜಮೀನಿನ ತಕರಾರು, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಯ ಪಹಣಿಯಲ್ಲಿ ಪಟ್ಟೆದಾರನ (ಕುಟುಂಬದ ಯಜಮಾನನ) ಹೆಸರಿನ ಗೊಂದಲ ಇವೆಲ್ಲ ರಾಜ್ಯದ ಬೇರೆಡೆಯ ಶಾಸಕರಿಗೆ ಮೊದಲಿನಿಂದ ಬಿಡಿಸಿ ಹೇಳಬೇಕಾದ ವಿಷಯಗಳು. 224 ಮಂದಿಯ ಸದನದಲ್ಲಿ ಇವುಗಳನ್ನು ಅನುಭವದಿಂದ ಬಲ್ಲವರು ಮೂವರಿದ್ದರು; ಈಗ ಇಬ್ಬರು. ಹಣದ ಲೆಕ್ಕವೂ ಇದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯು ಕ್ಷೇತ್ರವೊಂದಕ್ಕೆ ಈಗ ವರ್ಷಕ್ಕೆ 2 ಕೋಟಿ ರೂಪಾಯಿ. ಕ್ಷೇತ್ರ ನಾಲ್ಕು ಬಡಾವಣೆಗಳದ್ದಾಗಲಿ, ಮೂರು ತಾಲ್ಲೂಕುಗಳದ್ದಾಗಲಿ ಮೊತ್ತ ಒಂದೇ. ಕ್ಷೇತ್ರ ಕಳೆದುಕೊಂಡ ಜಿಲ್ಲೆ ಈ ಪಾಲನ್ನು ಪ್ರತಿ ವರ್ಷವೂ ಕಳೆದುಕೊಳ್ಳುತ್ತಿದೆ.

ಜನಪ್ರತಿನಿಧಿಗಳ ಮೇಲೆ ಆಗುವ ಪರಿಣಾಮ ಇದಕ್ಕಿಂತ ಸೂಕ್ಷ್ಮವಾದದ್ದು. ಕ್ಷೇತ್ರ ದೊಡ್ಡದಾದಷ್ಟೂ ಅಭ್ಯರ್ಥಿಯ ಕಣ್ಣು ಮತಗಳು ಒತ್ತಾಗಿರುವ ಕಡೆಗೆ ಹೊರಳುತ್ತದೆ. ಬೆಟ್ಟದ ಬುಡದ ನಾಲ್ಕಾರು ಊರು ಸುತ್ತಲು ಒಂದು ದಿನ ಬೇಕು, ಪಟ್ಟಣದ ಒಂದು ವಾರ್ಡಿಗೆ ಒಂದು ಬೆಳಗು ಸಾಕು. ಸಿಗುವ ಮತ ಎರಡೂ ಕಡೆ ಅಷ್ಟೇ. ಹೀಗಿರುವಾಗ ಟಿಕೆಟ್ ಹಂಚುವಾಗಲೂ, ಗೆದ್ದ ಮೇಲೆ ರಸ್ತೆ ಕಾಮಗಾರಿ ಹಂಚುವಾಗಲೂ ಚದುರಿದ ಊರುಗಳು ಪಟ್ಟಿಯ ಕೆಳಗೆ ಜಾರುವುದು ಯಾರ ಕೆಟ್ಟತನದಿಂದಲೂ ಅಲ್ಲ, ಗಡಿ ಗೆರೆಯ ಗುಣದಿಂದಲೇ.

2018ರ ಆಗಸ್ಟ್ ತಿಂಗಳನ್ನು ಸದನ ಮರೆತಿರಲಾರದು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮಾದಾಪುರ, ಜೋಡುಪಾಲ ಎಂದು ಒಂದೇ ವಾರದಲ್ಲಿ ಗುಡ್ಡಗಳು ಕುಸಿದವು. ಈ ಹೆಸರುಗಳೆಲ್ಲ ಒಂದೇ ವಿಧಾನಸಭಾ ಕ್ಷೇತ್ರದವು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ರಸ್ತೆಗಳೇ ಕುಸಿದಿದ್ದರಿಂದ, ಮಡಿಕೇರಿಯಲ್ಲಿ ನಿಂತವರು ಮಾದಾಪುರ ಮುಟ್ಟಬೇಕಾದರೆ ಸುತ್ತಿ ಬಳಸಿ ಬರಬೇಕಿತ್ತು. ಸೋಮವಾರಪೇಟೆಗೆ ತನ್ನದೇ ಶಾಸಕರಿದ್ದಿದ್ದರೆ ಮಾದಾಪುರ ಕಡೆಯ ಪರಿಹಾರ ಕೇಂದ್ರಗಳಲ್ಲಿ ಅಧಿಕಾರಿಗಳನ್ನು ಕರೆದು ಕೇಳುವ ಒಬ್ಬರು ಮೊದಲ ದಿನದಿಂದಲೇ ಇರುತ್ತಿದ್ದರು. ನಮ್ಮ ಕಡೆಯ ಕೇಂದ್ರವೊಂದರಲ್ಲಿ ಆ ದಿನಗಳಲ್ಲಿ ಅಕ್ಕಿ, ಹೊದಿಕೆ ಬೇಕಾದಷ್ಟಿದ್ದವು, ದಾನಿಗಳಿಗೆ ಕೊರತೆಯಿರಲಿಲ್ಲ. ಮನೆ ಕಳೆದುಕೊಂಡವರ ಪಟ್ಟಿಯಲ್ಲಿ ಲೈನ್‌ಮನೆಯ ಕೂಲಿಕಾರರ ಹೆಸರು ಸೇರಿಸಬೇಕೇ ಬೇಡವೇ ಎಂದು ಹೇಳುವವರು ಮಾತ್ರ ಇರಲಿಲ್ಲ. ಲೈನ್‌ಮನೆ ತೋಟದ ಮಾಲೀಕರದ್ದು, ವಾಸ ಕೂಲಿಯವರದ್ದು. ಪರಿಹಾರ ಯಾರಿಗೆ ಎಂಬ ಪ್ರಶ್ನೆ ಮೇಜಿನ ಮೇಲೆಯೇ ದಿನಗಟ್ಟಲೆ ಉಳಿಯಿತು. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿದಾಗ ಇನ್ನೊಂದು ವಿಚಿತ್ರ ಎದುರಾಯಿತು. ಭಾಗಮಂಡಲವು ಮಡಿಕೇರಿ ತಾಲ್ಲೂಕಿನಲ್ಲಿದೆ, ಅದರ ಮತ ಮಾತ್ರ ವಿರಾಜಪೇಟೆ ಕ್ಷೇತ್ರಕ್ಕೆ. ತಹಶೀಲ್ದಾರರು ಒಂದು ಕಡೆ, ಶಾಸಕರು ಇನ್ನೊಂದು ಕಡೆ. ಆಡಳಿತ ಘಟಕದ ಗಡಿಯನ್ನೂ ಸಂಪರ್ಕ ಸೌಕರ್ಯವನ್ನೂ ಸಾಧ್ಯವಿದ್ದಷ್ಟು ಗೌರವಿಸಬೇಕೆಂದು ಹೇಳುವ ಕಾಯ್ದೆಯ ಅಡಿಯಲ್ಲೇ ಈ ಹಂಚಿಕೆ ನಡೆದದ್ದು.

ಸನ್ಮಾನ್ಯರೇ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ ನನ್ನ ತಾಲ್ಲೂಕಿನದ್ದಲ್ಲ, ವಿರಾಜಪೇಟೆಯದ್ದು. 2008ಕ್ಕೆ ಮೊದಲು ಇಡೀ ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದದ್ದು ಎರಡೇ ವಿಧಾನಸಭಾ ಸ್ಥಾನಗಳು, ಅವುಗಳಲ್ಲಿ ಒಂದು ವಿರಾಜಪೇಟೆ. ಪುನರ್ವಿಂಗಡಣೆಯಲ್ಲಿ ಆ ಎರಡು ಹದಿನೈದಾದವು. ಸಂತೋಷದ ವಿಷಯವೇ. ಆದರೆ ಹದಿನೈದರಲ್ಲಿ ಕೊಡಗಿನದು ಒಂದೂ ಇಲ್ಲ. ರಾಯಚೂರು, ಬಳ್ಳಾರಿ, ಚಿತ್ರದುರ್ಗ ಸೀಮೆಯ ಜನಸಂಖ್ಯೆಗೆ ಅಲ್ಲಿನ ಸ್ಥಾನಗಳು ನ್ಯಾಯವಾಗಿಯೇ ಸಂದಿವೆ. ಕಾಡಂಚಿನ ಹಾಡಿಗಳ ಯರವರು, ಜೇನುಕುರುಬರು ತಮ್ಮ ಜಿಲ್ಲೆಯಲ್ಲಿದ್ದ ಒಂದೇ ಬಾಗಿಲನ್ನು ಕಳೆದುಕೊಂಡರು. ಜಿಲ್ಲೆಯ ಜನರಲ್ಲಿ ಹತ್ತರಲ್ಲಿ ಒಬ್ಬರು ಪರಿಶಿಷ್ಟ ಪಂಗಡದವರು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗ, ಸದನದಲ್ಲಿ ಎದ್ದು ನಿಂತು ‘ಇವರು ನಮ್ಮವರು’ ಎನ್ನುವ ಹಾಡಿಯ ಪ್ರತಿನಿಧಿಯೊಬ್ಬರು ಈ ಜಿಲ್ಲೆಯಿಂದ ಇರಲಿಲ್ಲ. ಮೀಸಲು ಸ್ಥಾನಗಳ ಒಟ್ಟು ಸಂಖ್ಯೆ ಏರಿದ್ದನ್ನು ಸಾಧನೆಯೆಂದು ಹೇಳಿಕೊಳ್ಳುವವರು ಈ ನಷ್ಟವನ್ನೂ ಅದರ ಪಕ್ಕದಲ್ಲಿ ಬರೆದಿಡಬೇಕು.

ಲೋಕಸಭೆಯ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1952ರಲ್ಲಿ ಕೊಡಗು ತಾನೇ ಒಂದು ರಾಜ್ಯವಾಗಿತ್ತು, ಅದಕ್ಕೆ 24 ಸದಸ್ಯರ ವಿಧಾನಸಭೆಯೂ ಒಂದು ಲೋಕಸಭಾ ಸ್ಥಾನವೂ ಇದ್ದವು. 2008ಕ್ಕೆ ಮುಂಚೆ ನಾವು ಮಂಗಳೂರು ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮೂರಾಗಿದ್ದೆವು. ಈಗ ಮೈಸೂರಿನ ಎಂಟರಲ್ಲಿ ಎರಡು. ಮೈಸೂರಿಗೆ ಸೇರಿದ್ದು ತಪ್ಪೆಂದು ನಾನು ಹೇಳಲಾರೆ. ಆಸ್ಪತ್ರೆ, ಕಾಲೇಜು, ಮಾರುಕಟ್ಟೆಗೆಂದು ನಾವು ಹೋಗುವುದು ಆ ಕಡೆಗೇ. ಮಂಗಳೂರಿನ ದಾರಿ ಸಂಪಾಜೆಯಲ್ಲಿ ಕುಸಿದರೆ ಸಂಸದರೂ ಬರಲಾರರು. ಮೈಸೂರು ನಗರದ ಮೂರು ಕ್ಷೇತ್ರಗಳ ಮತಗಳ ಎದುರು ರೈಲನ್ನೇ ಕಾಣದ ನಮ್ಮ ಜಿಲ್ಲೆಯ ದನಿ ಎಷ್ಟು ದೂರ ಕೇಳಿಸೀತು ಎಂಬುದಷ್ಟೇ ಚಿಂತೆ.

ಕೊಡಗಿಗೆ ಬೇರೆ ಅಳತೆ ಬೇಕೆಂಬುದು ನನ್ನ ಕಲ್ಪನೆಯಲ್ಲ. ತಮ್ಮ ಸದನವೇ ಅದನ್ನು ಹಿಂದೆ ಒಪ್ಪಿಕೊಂಡಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಜಿಲ್ಲಾ ಪಂಚಾಯಿತಿಗೆ ಸಾಮಾನ್ಯವಾಗಿ 40 ಸಾವಿರ ಜನಸಂಖ್ಯೆಗೆ ಒಬ್ಬ ಸದಸ್ಯರೆಂದೂ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ 30 ಸಾವಿರಕ್ಕೆ ಒಬ್ಬರೆಂದೂ, ಕೊಡಗಿನಲ್ಲಿ 18 ಸಾವಿರಕ್ಕೆ ಒಬ್ಬರೆಂದೂ ಗೊತ್ತುಮಾಡಿದವರು ನಮ್ಮ ಶಾಸಕರೇ. ಊರುಗಳು ಚದುರಿರುವ ಕಡೆ ಪ್ರತಿನಿಧಿಯ ಕೈಗೆಟಕುವಷ್ಟು ಜನರಿರಬೇಕು ಎಂಬ ವಿವೇಕ ಅದರ ಹಿಂದಿತ್ತು. ಆ ಕಾಯ್ದೆಯ ಮುಂದಿನ ಗತಿ ಬೇರೆ ಕತೆ. 2016ರಲ್ಲಿ ಆರಿಸಿಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು; ಅದೇ ವರ್ಷ ಕ್ಷೇತ್ರ ವಿಂಗಡಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಹೊಸ ಆಯೋಗಕ್ಕೆ ಕೊಡಲಾಯಿತು; ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಬೆಂಗಳೂರಿನವರ ಅನುಭವವೂ ಭಿನ್ನವಲ್ಲ. ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ 198 ವಾರ್ಡುಗಳು 2022ರಲ್ಲಿ 243 ಆದವು, ಮರುವರ್ಷ 225 ಆದವು, 2025ರಲ್ಲಿ ಐದು ಪಾಲಿಕೆಗಳಾಗಿ 369 ಆದವು. ಗಡಿ ಮಾತ್ರ ಬದಲಾಗುತ್ತ ಹೋಯಿತು, ಮತಪೆಟ್ಟಿಗೆ ಬರಲಿಲ್ಲ. ಪುನರ್ವಿಂಗಡಣೆ ಎಂಬ ಹೆಸರನ್ನು ಕೇಳಿದರೆ ಹಳ್ಳಿಯ ಜನ ಏಕೆ ಅನುಮಾನ ಪಡುತ್ತಾರೆ ಎಂಬುದಕ್ಕೆ ಇಷ್ಟು ಸಾಕು.

‘ಒಂದು ಮತ, ಒಂದೇ ಮೌಲ್ಯ’ ಎಂಬ ತತ್ವಕ್ಕೆ ಇದು ಭಂಗವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಅದನ್ನು ತಳ್ಳಿಹಾಕಲು ಬರುವುದಿಲ್ಲ. 2011ರ ಜನಗಣತಿಯ ಪ್ರಕಾರ ಲೆಕ್ಕ ಹಾಕಿದರೆ ಕೊಡಗಿಗೆ ಬರುವುದು ಎರಡಕ್ಕೆ ತುಸು ಹೆಚ್ಚು. ಉಳಿದ ಜಿಲ್ಲೆಗಳು ಬೆಳೆದು ನಾವು ನಿಂತಲ್ಲೇ ನಿಂತದ್ದರಿಂದ ಹಳೆಯ ಹೆಚ್ಚುವರಿ ಹೊರೆ ಈಗ ಉಳಿದಿಲ್ಲ. 2027ರ ಮಾರ್ಚ್ 1ನ್ನು ಆಧಾರದಿನವಾಗಿಟ್ಟ ಜನಗಣತಿಯಲ್ಲಿ ನಮ್ಮ ಪಾಲು ಎರಡಕ್ಕಿಂತ ಕೆಳಗಿಳಿಯುವ ಸಂಭವವೇ ಹೆಚ್ಚು. ಆಗ ಕೊರತೆ ತುಂಬಲು ಪಿರಿಯಾಪಟ್ಟಣದ ಕಡೆಯಿಂದಲೋ ಘಟ್ಟದ ಕೆಳಗಿನಿಂದಲೋ ಒಂದಷ್ಟು ಊರುಗಳನ್ನು ತಂದು ಸೇರಿಸುವ, ಇಲ್ಲವೇ ನಮ್ಮ ಊರುಗಳನ್ನು ಅತ್ತ ಸೇರಿಸುವ ಯೋಚನೆ ಬಂದೀತೆಂಬುದೇ ನನ್ನ ಭಯ. ಆದರೆ ಸಂವಿಧಾನದ 170ನೇ ವಿಧಿಯು ಸಮಾನ ಅನುಪಾತವನ್ನು ‘ಕಾರ್ಯಸಾಧ್ಯವಾದಷ್ಟು ಮಟ್ಟಿಗೆ’ ಎಂದೇ ಹೇಳಿದೆ. 2022ರಲ್ಲಿ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ಆಯೋಗವು ಜಮ್ಮು ಮತ್ತು ಕಾಶ್ಮೀರದ ಜಿಲ್ಲೆಗಳನ್ನು ಗುಡ್ಡಗಾಡು, ಮಿಶ್ರ, ಬಯಲು ಎಂದು ಮೂರು ವರ್ಗ ಮಾಡಿ, ಸರಾಸರಿಯಿಂದ ಶೇ. 10ರಷ್ಟು ಆಚೀಚೆ ಹೋಗಲು ಅವಕಾಶ ಇಟ್ಟುಕೊಂಡಿತು. ಮರುವರ್ಷ ಅಸ್ಸಾಮಿನಲ್ಲಿಯೂ ಚುನಾವಣಾ ಆಯೋಗವು ಜಿಲ್ಲೆಗಳನ್ನು ಜನಸಾಂದ್ರತೆಯ ಮೇಲೆ ವಿಂಗಡಿಸಿ ಇಂಥದೇ ಕ್ರಮ ಅನುಸರಿಸಿತು. ಅಲ್ಲಿ ತಪ್ಪಲ್ಲದ್ದು ಇಲ್ಲಿ ತಪ್ಪಾಗಲಾರದು. ಬೌದ್ಧ ಸನ್ಯಾಸಿಗಳಿಗೆ ಮೀಸಲಾದ ಸಿಕ್ಕಿಮಿನ ಸಂಘ ಕ್ಷೇತ್ರದ ಮಾದರಿಯಲ್ಲಿ ಸಮುದಾಯವೊಂದಕ್ಕೆ ಪ್ರತ್ಯೇಕ ಸ್ಥಾನ ಕೇಳುವ ಬೇಡಿಕೆಯೂ ನಮ್ಮ ಜಿಲ್ಲೆಯಲ್ಲಿದೆ. ನಾನು ಕೇಳುತ್ತಿರುವುದು ಅದನ್ನಲ್ಲ. ಕೊಡವರು, ಗೌಡರು, ಲಿಂಗಾಯತರು, ಯರವರು, ಬ್ಯಾರಿಗಳು, ತೋಟದ ತಮಿಳು ಮಲಯಾಳಿ ಕುಟುಂಬಗಳು ಎಲ್ಲರೂ ಮತ ಹಾಕುವ ನೆಲಕ್ಕೆ ನ್ಯಾಯ ಸಿಗಲಿ ಎಂಬುದಷ್ಟೇ ನನ್ನ ಕೋರಿಕೆ.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ವಿನಂತಿ, ಆಯೋಗಕ್ಕೆ ಐವರು ಶಾಸಕರನ್ನು ಹೆಸರಿಸುವಾಗ ಪಕ್ಷಗಳ ಬಲಾಬಲದ ಜೊತೆಗೆ ಭೂಗೋಳವನ್ನೂ ನೋಡಿ, ಮಲೆನಾಡು ಮತ್ತು ಘಟ್ಟದ ಜಿಲ್ಲೆಗಳಿಂದ ಒಬ್ಬರಾದರೂ ಇರುವಂತೆ ಮಾಡಬೇಕು ಎಂಬುದು. ಸಹಸದಸ್ಯರಿಗೆ ಆಯೋಗದಲ್ಲಿ ಮತವಿಲ್ಲ, ಸಹಿಯ ಅಧಿಕಾರವೂ ಇಲ್ಲ. ಆದರೆ ಅವರ ಭಿನ್ನಾಭಿಪ್ರಾಯವನ್ನು ಕರಡಿನೊಂದಿಗೆ ಪ್ರಕಟಿಸುವ ಕ್ರಮವಿದೆ, ಒಮ್ಮೆ ಆದೇಶ ಹೊರಬಿದ್ದ ಮೇಲೆ ನ್ಯಾಯಾಲಯದ ದಾರಿಯೂ ಬಹುಮಟ್ಟಿಗೆ ಮುಚ್ಚಿರುತ್ತದೆ. ಹಾಗಾಗಿ ಮಾತನಾಡಬೇಕಾದವರು ಕರಡಿನ ಹಂತದಲ್ಲೇ ಮಾತನಾಡಬೇಕು, ಅವರು ಏನು ಮಾತನಾಡಿದರು ಎಂಬುದು ಮತದಾರರಿಗೂ ಗೊತ್ತಾಗಬೇಕು. ಎರಡನೆಯದಾಗಿ, ಲೋಕಸಭಾ ಸ್ಥಾನಗಳ ಬಗ್ಗೆ ನಿರ್ಣಯ ಮಾಡಿದ ಸದನವು ರಾಜ್ಯದೊಳಗಿನ ಹಂಚಿಕೆಯ ಬಗ್ಗೆಯೂ ಒಂದು ದಿನ ಚರ್ಚಿಸಲು ತಾವು ಅವಕಾಶ ಮಾಡಿಕೊಡಬೇಕು. ಸದನದ ಒಟ್ಟು ಸ್ಥಾನಗಳು ಹೆಚ್ಚಾಗುವುದಾದರೆ ಕೊಡಗಿನ ಮೂರನೆಯ ಕ್ಷೇತ್ರವನ್ನು ಮರಳಿಸಬೇಕು, 224ರಲ್ಲೇ ನಿಲ್ಲುವುದಾದರೆ ಎರಡಕ್ಕಿಂತ ಕಡಿಮೆ ಮಾಡಬಾರದು, ಜಿಲ್ಲೆಯ ಗಡಿ ದಾಟಿ ಕ್ಷೇತ್ರ ಕಟ್ಟಬಾರದು, ಹಾಡಿಯ ಜನರ ಮೀಸಲು ಸ್ಥಾನವನ್ನು ಮತ್ತೆ ಪರಿಗಣಿಸಬೇಕು ಎಂದು ಆ ಚರ್ಚೆಯಲ್ಲಿ ಕೇಳಿಬಂದರೆ, ಆಯೋಗದ ಮುಂದೆ ಅದಕ್ಕೊಂದು ತೂಕವಿರುತ್ತದೆ.

ಕೊನೆಯದು ಸಣ್ಣ ವಿಷಯ, ಆದರೆ ನಮ್ಮಂಥವರಿಗೆ ದೊಡ್ಡದು. ಕರಡು ಪ್ರಕಟವಾದ ಮೇಲೆ ಆಯೋಗ ನಡೆಸುವ ಬಹಿರಂಗ ಸಭೆಗಳಲ್ಲಿ ಒಂದು ಮಡಿಕೇರಿಯಲ್ಲೇ ನಡೆಯುವಂತೆ ತಾವು ಶಿಫಾರಸು ಮಾಡಬೇಕು. ಹೋಬಳಿ, ಕಂದಾಯ ವೃತ್ತಗಳ ಹೆಸರಿನಲ್ಲಿರುವ ಕರಡನ್ನು ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ನಕ್ಷೆಯೊಂದಿಗೆ ಕನ್ನಡದಲ್ಲಿ ಅಂಟಿಸಬೇಕು. ಸಭೆಯ ದಿನವನ್ನು ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗೊತ್ತುಮಾಡಿದರೆ ಬೆಟ್ಟದ ಊರಿನವರು ಮಡಿಕೇರಿ ಮುಟ್ಟಲಾರರು. ಜನವರಿಯ ಕುಯ್ಲಿನಲ್ಲಿ ಇಟ್ಟರೆ ಕೂಲಿಯವರೂ ಬೆಳೆಗಾರರೂ ತೋಟ ಬಿಟ್ಟು ಬರಲಾರರು. ಏಪ್ರಿಲ್ ಅಥವಾ ಅಕ್ಟೋಬರ್ ಆದರೆ ನಾವು ಬರುತ್ತೇವೆ, ದಾಖಲೆ ಸಮೇತ ಬರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಮತದಾರ